ಹೂವಿನ ನೀಲಿ

ಹೋದ ತಿಂಗಳು ಒಂದು ಭಾನುವಾರ ಮಗಳು ನಮ್ಮಿಬ್ಬರನ್ನೂ ದಾದರ್ ಹತ್ತಿರದ ಒಂದು ಕೆಫೆಗೆ ಕರೆದುಕೊಂಡು ಹೋದಳು. "ಅಪ್ಪಾ, ದಿನಾ ಅದೇ ಕಾಫಿ ಸಾಕು, ಇವತ್ತು ಬೇರೆ ಏನಾದ್ರೂ ಕುಡಿ" ಅಂತ ಆರ್ಡರ್ ಕೂಡ ಅವಳೇ ಕೊಟ್ಟಳು. ಬಂದದ್ದು ಗಾಜಿನ ಕೆಟಲಿನಲ್ಲಿ ನೀಲಿ ಚಹಾ. ಶಾಯಿ ಬಾಟಲಿಯನ್ನೇ ಬಿಸಿ ಮಾಡಿ ತಂದ ಹಾಗಿತ್ತು. ವೇಟರ್ ಹುಡುಗ ನಮ್ಮೆದುರೇ ಲೋಟಕ್ಕೆ ಬಗ್ಗಿಸಿ, ಅರ್ಧ ಲಿಂಬೆಹಣ್ಣು ಹಿಂಡಿದ. ನೀಲಿ ಹೋಗಿ ನೇರಳೆ ಆಯಿತು! ಮಗಳು ಮೊಬೈಲಿನಲ್ಲಿ ವಿಡಿಯೋ ಮಾಡಿದಳು. ನನ್ನ ಹೆಂಡತಿ ಬಿಲ್ಲು ನೋಡಿ "ಇದಕ್ಕೆ ಜಾದೂ ನೋಡಿದ ದುಡ್ಡೂ ಸೇರಿರಬೇಕು" ಅಂದಳು.

ಯಾವ ಹೂವು ಅಂತ ಕೇಳಿದೆ. "ಬಟರ್‌ಫ್ಲೈ ಪೀ ಸರ್. ಮರಾಠೀತ ಗೋಕರ್ಣ" ಅಂದ ಹುಡುಗ.

ಗೋಕರ್ಣ! ನಮ್ಮ ಹಳ್ಳಿಯಿಂದ ಗೋಕರ್ಣ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮುಂಬೈಯಲ್ಲಿ ಕಳೆದ ನನಗೆ ನಮ್ಮ ಬೇಲಿಯ ಶಂಖಪುಷ್ಪವನ್ನು ಇಲ್ಲಿ ಆ ಹೆಸರಿನಿಂದ ಕರೆಯುತ್ತಾರೆ ಅಂತ ಗೊತ್ತೇ ಇರಲಿಲ್ಲ. ಆದರೆ ಆ ಲಿಂಬೆಹಣ್ಣಿನ ಜಾದೂ ಮಾತ್ರ ನನಗೆ ಹೊಸದಲ್ಲ. ಅದೇ ಜಾದೂ 1979ರಲ್ಲಿ ನನ್ನ ಕೈಯಲ್ಲೇ ನಡೆದು, ನನಗೆ ಅಳು ಬರಿಸಿತ್ತು.

ಆಗ ನನಗೆ ಹನ್ನೊಂದು ವರ್ಷ. ಅಪ್ಪ ಮುಂಬೈಯಲ್ಲಿ ಒಂದು ಹೋಟೆಲಿನ ಗಲ್ಲೆಯ ಮೇಲೆ ಕೂರುತ್ತಿದ್ದರು. ವರ್ಷಕ್ಕೊಮ್ಮೆ ಊರಿಗೆ ಬಂದರೆ ಹೆಚ್ಚು. ಅವರಿಗೆ ಪತ್ರ ಬರೆಯುವ ಕೆಲಸ ನನ್ನದು. ಅಂಗಡಿ ಶಾಯಿಗೆ ದುಡ್ಡು ಕೇಳಿದರೆ ಆಯಿ ಬಯ್ಯುತ್ತಿದ್ದಳು. ಬೇಲಿಯ ತುಂಬ ನೀಲಿ ಹೂವು ಇರುವಾಗ ಶಾಯಿಗೆ ದುಡ್ಡು ಯಾಕೆ ಅಂತ ನನ್ನ ಲೆಕ್ಕ. ಒಂದು ಬೊಗಸೆ ಹೂ ಕೊಯ್ದು, ಒರಳಲ್ಲಿ ಜಜ್ಜಿ, ಹಳೇ ಸೀರೆ ತುಂಡಿನಲ್ಲಿ ಸೋಸಿದೆ. ಬಣ್ಣ ಎಂಥಾ ಚಂದ ಬಂತು ಅಂತೀರಿ! ಕೆಡಬಾರದು ಅಂತ ನಾಲ್ಕು ಹನಿ ಲಿಂಬೆರಸ ಹಾಕಿದೆ, ಉಪ್ಪಿನಕಾಯಿ ಉಳಿಯುವುದು ಹುಳಿಯಿಂದಲೇ ಅಲ್ಲವೇ. ಇಡೀ ಶಾಯಿ ನೇರಳೆ. ಮರುದಿನ ಮತ್ತೆ ಮಾಡಿ, ಈ ಸಲ ಅಜ್ಜನ ಕವಳದ ಸಂಚಿಯಿಂದ ಚೂರು ಸುಣ್ಣ ಕದ್ದು ಹಾಕಿದೆ. ಹಸಿರಾಯಿತು. ಮೂರನೇ ಸಲ ಏನೂ ಹಾಕದೆ, ಟಾಕು ಅದ್ದಿ ಅದ್ದಿ ಇನ್‌ಲ್ಯಾಂಡ್ ಲೆಟರಿನ ತುಂಬ ಬರೆದು ಪೋಸ್ಟ್ ಮಾಡಿದೆ. ಅದು ಆಷಾಢದ ಮಳೆ. ಹದಿನೈದು ದಿನದ ಮೇಲೆ ಅಪ್ಪನ ಉತ್ತರ ಬಂತು: "ತಮಾ, ನಿನ್ನ ಕಾಗದ ಬಂತು. ಒದ್ದೆಯಾಗಿತ್ತು. ಒಳಗೆ ಅಕ್ಷರ ಒಂದೂ ಇಲ್ಲ, ನೀಲಿ ಮೋಡ ಮಾತ್ರ ಇದೆ. ಮುಂದಿನ ಸಲ ಅಂಗಡಿ ಶಾಯಿಯಲ್ಲಿ ಬರೆ."

ಉತ್ತರದಲ್ಲಿ ಇನ್ನೂ ಒಂದು ಸಾಲಿತ್ತು. ಅದನ್ನು ಕೊನೆಗೆ ಹೇಳುತ್ತೇನೆ.

ಕೆಫೆಯಿಂದ ಬಂದ ಮೇಲೆ ತಲೆಗೆ ಹುಳ ಹೊಕ್ಕಿತು. ನಾನು ಬಿ.ಕಾಂ. ಮನುಷ್ಯ. ಕೆಮಿಸ್ಟ್ರಿಯನ್ನು ಹತ್ತನೇ ಕ್ಲಾಸಿನಲ್ಲೇ ಕೈಮುಗಿದು ಬಿಟ್ಟವನು. ಆದರೂ ರಾತ್ರಿ ಕೂತು ಓದುತ್ತಾ ಹೋದರೆ ಆಶ್ಚರ್ಯ ಕಾದಿತ್ತು. ಹೂವಿನ ನೀಲಿಯನ್ನು ಹಿಡಿದಿಡಲು ಹೋಗಿ ಮೋಸ ಹೋದವನು ನಾನೊಬ್ಬನೇ ಅಲ್ಲ. ನೂರಾರು ವರ್ಷಗಳಿಂದ ಚಿತ್ರಗಾರರು, ವಿಜ್ಞಾನಿಗಳು, ವ್ಯಾಪಾರಿಗಳು ಎಲ್ಲರೂ ಇದೇ ಒರಳಿನ ಮುಂದೆ ಕೂತು ಬಂದವರೇ.

ಮೊದಲಿಗೆ, ನೀಲಿಗೆ ಇಷ್ಟು ಪರದಾಟ ಯಾಕೆ? ಕೆಂಪು, ಹಳದಿ, ಕಂದು ಬಣ್ಣಗಳು ಮಣ್ಣಿನಲ್ಲೇ ಸಿಗುತ್ತವೆ. ಕಾವಿ ಕಲ್ಲು ಅರೆದರೆ ಆಯಿತು. ಕಪ್ಪು ಬೇಕೆಂದರೆ ಒಲೆಯ ಮಸಿ ಇದೆ. ಗಟ್ಟಿ ನೀಲಿ ಮಾತ್ರ ಹಾಗೆ ಎಲ್ಲೆಂದರಲ್ಲಿ ಸಿಗುವುದಿಲ್ಲ. ಯುರೋಪಿನ ಚಿತ್ರಗಾರರಿಗೆ ಅತ್ಯುತ್ತಮ ನೀಲಿ ಬರುತ್ತಿದ್ದದ್ದು ಇಂದಿನ ಅಫ್ಘಾನಿಸ್ತಾನದ ಬದಖ್‌ಶಾನ್ ಪ್ರಾಂತ್ಯದ ಸರ್-ಎ-ಸಂಗ್ ಗಣಿಗಳಿಂದ. ಲ್ಯಾಪಿಸ್ ಲಾಜುಲಿ ಎಂಬ ಆ ಕಲ್ಲನ್ನು ಸುಮ್ಮನೆ ಪುಡಿ ಮಾಡಿದರೆ ಬೂದು ಬಣ್ಣ ಬರುತ್ತದೆ. ಪುಡಿಯನ್ನು ಮೇಣ, ರಾಳಗಳ ಜೊತೆ ಹಿಟ್ಟಿನಂತೆ ನಾದಿ, ಬೂದಿಯ ಕ್ಷಾರದ ನೀರಿನಲ್ಲಿ ಹಿಸುಕಿದರೆ ನೀಲಿ ಕಣಗಳು ಮಾತ್ರ ಕೆಳಗಿಳಿಯುತ್ತವೆ. ಅದಕ್ಕೆ ಅಲ್ಟ್ರಾಮರೀನ್ ಅಂತ ಹೆಸರು, ಅಂದರೆ ಕಡಲಾಚೆಯಿಂದ ಬಂದದ್ದು.

ಬ್ಯಾಂಕಿನವನಾದ ನನಗೆ ತುಂಬ ಇಷ್ಟವಾದದ್ದು 1485ರ ಒಂದು ಕರಾರು ಪತ್ರ. ಫ್ಲಾರೆನ್ಸ್ ನಗರದ ಅನಾಥ ಮಕ್ಕಳ ಆಶ್ರಮದವರು ಡೊಮೆನಿಕೊ ಗಿರ್ಲಾಂಡಾಯೊ ಎಂಬ ಚಿತ್ರಗಾರನಿಂದ ಬಲಿಪೀಠದ ಚಿತ್ರ ಬರೆಸಿದರು. ಒಟ್ಟು ಮಜೂರಿ 115 ಫ್ಲೋರಿನ್. ಬಣ್ಣದ ಖರ್ಚು ಚಿತ್ರಗಾರನದೇ. ಜೊತೆಗೆ ಒಂದು ಶರತ್ತು: ನೀಲಿಗೆ ಬಳಸುವುದು ಔನ್ಸಿಗೆ ಸುಮಾರು ನಾಲ್ಕು ಫ್ಲೋರಿನ್ ಬೆಲೆಯ ಅಲ್ಟ್ರಾಮರೀನೇ ಆಗಿರಬೇಕು. ನಾವು ಸಾಲದ ಕಾಗದದಲ್ಲಿ ಜಾಮೀನಿನ ಬೆಲೆ ನಮೂದಿಸಿದ ಹಾಗೆ! ನೀಲಿಯಲ್ಲಿ ಕಲಬೆರಕೆ ಆಗದಿರಲಿ ಅಂತ ಗಿರಾಕಿಗೆ ಅಷ್ಟು ಎಚ್ಚರ ಇತ್ತು ಅಂದರೆ, ಅಗ್ಗದ ನೀಲಿ ಹುಡುಕುವವರು ಎಷ್ಟಿದ್ದಿರಬೇಕು ಯೋಚಿಸಿ.

ಅಂಥವರ ಕಣ್ಣು ಸಹಜವಾಗಿ ಹೊಲದ ಕಡೆ ಹೋಯಿತು. ಯುರೋಪಿನ ಗೋಧಿ ಹೊಲಗಳಲ್ಲಿ ಕಳೆಯಾಗಿ ಬೆಳೆಯುವ ಕಾರ್ನ್‌ಫ್ಲವರ್ ಎಂಬ ಹೂವು ಅಚ್ಚ ನೀಲಿ. ದುಡ್ಡಿಲ್ಲದೆ ಸಿಗುತ್ತದೆ. ಹದಿನೆಂಟನೇ ಶತಮಾನದ ಇಂಗ್ಲೆಂಡಿನ ಜಲವರ್ಣದ ಕೈಪಿಡಿಗಳಲ್ಲಿ ಅದರ ಎಸಳಿನ ರಸ ಹಿಂಡಿ, ಸ್ವಲ್ಪ ಪಟಿಕ ಸೇರಿಸಿ ಬಣ್ಣ ಮಾಡುವ ವಿಧಾನ ಕೊಟ್ಟಿದ್ದಾರೆ. ಹಚ್ಚಿದ ದಿನ ಚಂದ. ಬಿಸಿಲಿಗೆ ಇಟ್ಟರೆ ಕಥೆ ಮುಗಿಯಿತು.

ಇನ್ನೊಂದು ಉಪಾಯ ಅದಕ್ಕಿಂತ ಹಳೆಯದು. ಕ್ರೋಜೋಫೋರಾ ಎಂಬ ಸಣ್ಣ ಗಿಡದ ಕಾಯಿಯ ರಸದಲ್ಲಿ ಬಟ್ಟೆ ಚೂರುಗಳನ್ನು ನೆನೆಸಿ ಒಣಗಿಸುತ್ತಿದ್ದರು. ಹಸ್ತಪ್ರತಿಗೆ ಬಣ್ಣ ಹಾಕುವವರು ಬೇಕಾದಾಗ ಒಂದು ಚೂರು ಕತ್ತರಿಸಿ ನೀರಿನಲ್ಲಿ ನೆನೆಸಿದರೆ ನೀಲಿ ಬಿಡುತ್ತಿತ್ತು. ಇದು ಹೂವಲ್ಲ, ಕಾಯಿ. ಆದರೂ ಹೇಳುತ್ತಿರುವುದು ಯಾಕೆಂದರೆ, ಮಧ್ಯಯುಗದ ಪುಸ್ತಕಗಳಲ್ಲಿ ಈ ಬಣ್ಣ ಇಂದಿಗೂ ಉಳಿದಿದೆ. ಪುಸ್ತಕ ಮುಚ್ಚಿಯೇ ಇರುತ್ತದಲ್ಲ, ಬೆಳಕು ತಾಗುವುದಿಲ್ಲ. ಮುಂದೆ ಆ ವಿದ್ಯೆಯೇ ಮರೆತುಹೋಯಿತು. ಹದಿನೈದನೇ ಶತಮಾನದ ಒಂದು ಪೋರ್ಚುಗೀಸ್ ಬಣ್ಣದ ಪುಸ್ತಕವನ್ನು ಮುಂದಿಟ್ಟುಕೊಂಡು, ಅದರಲ್ಲಿ ಹೇಳಿದ ಹಾಗೇ ಕಾಯಿ ಕೊಯ್ದು, ಬೀಜ ಒಡೆಯದಂತೆ ಹಿಂಡಿ, ಪೋರ್ಚುಗಲ್ಲಿನ ವಿಜ್ಞಾನಿಗಳ ತಂಡವೊಂದು ಆ ನೀಲಿಯ ಅಣುರಚನೆಯನ್ನು ಬಿಡಿಸಿ ಪ್ರಕಟಿಸಿದ್ದು 2020ರಲ್ಲಿ!

ನೀವು ಕೇಳಬಹುದು, ಗಿಡದಿಂದ ನೀಲಿ ಬರುವುದಿಲ್ಲ ಅಂದರೆ ನಮ್ಮ ನೀಲಿ ಗಿಡ, ಇಂಡಿಗೊ ಏನು? ಒಳ್ಳೇ ಪ್ರಶ್ನೆ. ತಮಾಷೆ ಎಂದರೆ ಅದು ಬರುವುದು ಹಸಿರು ಎಲೆಯಿಂದ. ಎಲೆಯಲ್ಲಿ ನೀಲಿ ಎಲ್ಲೂ ಕಾಣುವುದಿಲ್ಲ. ನೀರಿನಲ್ಲಿ ಕೊಳೆಹಾಕಿ, ಕಡೆದು, ಗಾಳಿ ತಾಗಿಸಿದ ಮೇಲೆ ನೀಲಿ ಹುಟ್ಟುತ್ತದೆ. ಹೊಸದಾಗಿ ಹುಟ್ಟಿದ ಆ ವಸ್ತು ನೀರಿನಲ್ಲಿ ಕರಗುವುದಿಲ್ಲ. ಅದಕ್ಕೇ ಗಟ್ಟಿ. ನೀಲಿಯನ್ನು ಮೈತುಂಬ ಹೊತ್ತ ಹೂವು ಏನೂ ಕೊಡುವುದಿಲ್ಲ, ನೀಲಿಯೇ ಕಾಣದ ಎಲೆ ಲೋಕಕ್ಕೆಲ್ಲ ಬಟ್ಟೆ ಬಣ್ಣ ಕೊಡುತ್ತದೆ. ಠೇವಣಿದಾರರಲ್ಲೂ ಇಂಥವರನ್ನು ನೋಡಿದ್ದೇನೆ ಬಿಡಿ.

ಹೂವು ಯಾಕೆ ಹೀಗೆ ಮಾಡುತ್ತದೆ ಎಂಬುದರ ಮೊದಲ ಸುಳಿವು ಸಿಕ್ಕಿದ್ದು ರಾಬರ್ಟ್ ಬಾಯ್ಲ್‌ಗೆ. ಶಾಲೆಯಲ್ಲಿ 'ಬಾಯ್ಲ್ ನಿಯಮ' ಓದಿದ್ದೀರಲ್ಲ, ಅದೇ ಪುಣ್ಯಾತ್ಮ. 1664ರಲ್ಲಿ ಬಣ್ಣಗಳ ಬಗ್ಗೆ ಒಂದು ಪುಸ್ತಕ ಬರೆದ. ವಯೊಲೆಟ್ ಹೂವಿನ ಶರಬತ್ತಿಗೆ ಆಮ್ಲ ಹಾಕಿದರೆ ಕೆಂಪಾಗುತ್ತದೆ, ಕ್ಷಾರ ಹಾಕಿದರೆ ಹಸಿರಾಗುತ್ತದೆ ಎಂದು ಅದರಲ್ಲಿ ವಿವರಿಸಿದ. ನನ್ನ ಲಿಂಬೆಹಣ್ಣು, ಅಜ್ಜನ ಸುಣ್ಣ! ಮುನ್ನೂರು ವರ್ಷ ಮೊದಲೇ ಅವನು ಬರೆದಿಟ್ಟದ್ದನ್ನು ನಾನು ಗೊತ್ತಿಲ್ಲದೆ ಮಾಡಿ ಅತ್ತಿದ್ದೆ. ಆದರೆ ಅವನಿಗೂ ನನಗೂ ಒಂದು ವ್ಯತ್ಯಾಸ. ಶಾಯಿ ಕೆಟ್ಟಿತು ಅಂತ ನಾನು ಚೆಲ್ಲಿದೆ. ಅವನು, ಈ ಕೆಡುವುದನ್ನೇ ಪರೀಕ್ಷೆಯಾಗಿ ಬಳಸಬಹುದು, ಯಾವುದು ಆಮ್ಲ ಯಾವುದು ಕ್ಷಾರ ಎಂದು ಹೂವಿನ ರಸ ಹೇಳುತ್ತದೆ ಎಂದ. ನಮ್ಮ ಹೈಸ್ಕೂಲಿನಲ್ಲಿ ದಾಸವಾಳದ ಎಸಳು ತಿಕ್ಕಿದ ಕಾಗದಕ್ಕೆ ಹುಳಿ ಹನಿಸಿ ತೋರಿಸುತ್ತಿದ್ದದ್ದರ ಮೂಲ ಅಲ್ಲಿದೆ.

ಈಗ ಜಪಾನಿಗೆ ಹೋಗೋಣ. ಹೂವಿನ ನೀಲಿಯನ್ನು ಬರೀ ಆಸೆಪಟ್ಟು ಬಿಡದೆ, ವ್ಯಾಪಾರದ ಮಟ್ಟಕ್ಕೆ ತಂದವರು ಅವರು.

ಮಳೆಗಾಲದಲ್ಲಿ ನಮ್ಮ ಗದ್ದೆ ಬದುವಿನಲ್ಲಿ ಒಂದು ಕಳೆ ಬರುತ್ತದೆ. ತೆಳ್ಳಗೆ ಹರಡುವ ದಂಟು, ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುವ ಪುಟ್ಟ ನೀಲಿ ಹೂವು. ಹಳೇ ಮೈಸೂರಿನ ಕಡೆಯವರು ಕನ್ನೆ ಸೊಪ್ಪು ಅಂತ ಪಲ್ಯ ಮಾಡುತ್ತಾರೆ. ಅದರ ಹತ್ತಿರದ ನೆಂಟ ಜಪಾನಿನ ಆಓಬಾನಾ. ಹೆಸರಿನ ಅರ್ಥವೇ ನೀಲಿ ಹೂವು. ಕ್ಯೋತೋ ಹತ್ತಿರದ ಕುಸಾತ್ಸು ಎಂಬ ಊರಿನ ಸುತ್ತಮುತ್ತ ಅದರ ದೊಡ್ಡ ಹೂವಿನ ತಳಿಯನ್ನು ಬಣ್ಣಕ್ಕಾಗಿಯೇ ಬೆಳೆಸುತ್ತಿದ್ದರು. ಜುಲೈ ತಿಂಗಳ ಉರಿಬಿಸಿಲು. ಹೂವು ಮಧ್ಯಾಹ್ನದವರೆಗೆ ಕಾಯುವುದಿಲ್ಲ. ನಸುಕಿಗೇ ಬಗ್ಗಿ ಒಂದೊಂದಾಗಿ ಎಸಳು ಕೀಳಬೇಕು, ಅದೇ ದಿನ ರಸ ಹಿಂಡಬೇಕು, ಅದೇ ದಿನ ಕಾಗದಕ್ಕೆ ಬಳಿಯಬೇಕು. ಈ ಕಷ್ಟ ನೋಡಿಯೇ ಅಲ್ಲಿಯ ಜನ ಅದಕ್ಕೆ 'ನರಕದ ಹೂವು' ಅಂತ ಅಡ್ಡಹೆಸರು ಇಟ್ಟಿದ್ದರು. ತೆಳು ಕಾಗದಕ್ಕೆ ರಸ ಬಳಿದು, ಒಣಗಿಸಿ, ಮತ್ತೆ ಬಳಿದು, ಮತ್ತೆ ಒಣಗಿಸಿ, ಕಾಗದ ಕಪ್ಪುನೀಲಿಯಾಗಿ ಭಾರವಾಗುವವರೆಗೂ ಇದೇ ಕೆಲಸ. ಚಿತ್ರಗಾರ ಅದರಿಂದ ಒಂದು ಚೂರು ಹರಿದು ನೀರಿನಲ್ಲಿ ಅದ್ದಿದರೆ ಬಣ್ಣ ಸಿದ್ಧ. ಯುರೋಪಿನವರ ಬಟ್ಟೆ ಚೂರು, ಇವರ ಕಾಗದದ ಚೂರು. ಎರಡು ಕಡೆಯ ಜನಕ್ಕೂ ಹೊಳೆದ ಉಪಾಯ ಒಂದೇ ನೋಡಿ. ರಸವನ್ನು ಹಾಗೇ ಇಟ್ಟರೆ ಕೆಡುತ್ತದೆ, ಒಣಗಿಸಿ ಇಟ್ಟರೆ ಸ್ವಲ್ಪ ಕಾಲ ಬದುಕುತ್ತದೆ.

1765ರ ಹೊತ್ತಿಗೆ ಎದೋ ನಗರದಲ್ಲಿ, ಅಂದರೆ ಇಂದಿನ ಟೋಕಿಯೋದಲ್ಲಿ, ಸುಝುಕಿ ಹರುನೊಬು ಎಂಬ ಕಲಾವಿದ ಮರದ ಅಚ್ಚಿನಿಂದ ಹಲವು ಬಣ್ಣಗಳ ಚಿತ್ರ ಮುದ್ರಿಸುವುದನ್ನು ಜನಪ್ರಿಯ ಮಾಡಿದ. ಅವನ ಕಾಲದ ಚಿತ್ರಗಳ ಆಕಾಶ, ಹೊಳೆ, ಹೆಂಗಸರ ಉಡುಪಿನ ಮಡಿಕೆಗಳಿಗೆ ತುಂಬಿದ್ದು ಹೆಚ್ಚಾಗಿ ಈ ಹೂವಿನ ನೀಲಿ. ಇಂದು ಅಂಥ ಚಿತ್ರಗಳನ್ನು ನೋಡಿದರೆ ಹಲವದರಲ್ಲಿ ಆ ಜಾಗ ಮಾಸಲು ಹಳದಿಯೋ ಬೂದಿಯೋ ಆಗಿದೆ. ಬೆಳಕು ಬಣ್ಣವನ್ನು ತಿಂದಿದೆ, ತೇವ ಉಳಿದದ್ದನ್ನು ತೊಳೆದಿದೆ. ಆ ಮಂದ ಬಣ್ಣವೇ ಸೊಗಸು ಅಂತ ಮೆಚ್ಚುವವರೂ ಇದ್ದಾರೆ. ಬರೆದವನು ನೋಡಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದನೋ ಏನೋ.

ಹಾಗಾದರೆ ಆ ನೀಲಿ ಮೊದಲು ಹೇಗಿತ್ತು ಅಂತ ನಮಗೆ ಹೇಗೆ ಗೊತ್ತು? ಇದು ನಿಜಕ್ಕೂ ಲಾಕರಿನ ಕಥೆ. ಸ್ಪಾಲ್ಡಿಂಗ್ ಎಂಬ ಇಬ್ಬರು ಅಮೆರಿಕನ್ ಸಹೋದರರು ತಮ್ಮ ಸಂಗ್ರಹದ ಸುಮಾರು 6,500 ಜಪಾನಿ ಮುದ್ರಣಗಳನ್ನು 1921ರಲ್ಲಿ ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯಕ್ಕೆ ದಾನ ಕೊಟ್ಟರು. ಒಂದೇ ಶರತ್ತು: ಇವನ್ನು ಯಾವತ್ತೂ ಪ್ರದರ್ಶನಕ್ಕೆ ಇಡಕೂಡದು! ಮ್ಯೂಸಿಯಮ್ಮಿಗೆ ಚಿತ್ರ ಕೊಟ್ಟು, ಯಾರಿಗೂ ತೋರಿಸಬೇಡಿ ಅನ್ನುವುದು ವಿಚಿತ್ರ ಅನ್ನಿಸುತ್ತದೆ. ಆದರೆ ಆ ಶರತ್ತಿನಿಂದಲೇ ಆ ಚಿತ್ರಗಳ ನೀಲಿ, ನೇರಳೆಗಳು ನಿನ್ನೆ ಮೊನ್ನೆ ಅಚ್ಚಾದ ಹಾಗೆ ಉಳಿದಿವೆ. ಈಗ ಅವುಗಳ ಫೋಟೋ ತೆಗೆದು ಅಂತರ್ಜಾಲದಲ್ಲಿ ಹಾಕಿದ್ದಾರೆ, ನೋಡಬಹುದು.

ಹೂವಿನ ನೀಲಿಯ ಅಂಗಡಿ ಮುಚ್ಚಿಸಿದ್ದು ಬರ್ಲಿನ್. ಸುಮಾರು 1706ರಲ್ಲಿ ಡೀಸ್‌ಬಾಖ್ ಎಂಬ ಬಣ್ಣ ತಯಾರಕ ಕೆಂಪು ಮಾಡಲು ಹೊರಟಿದ್ದ. ಪ್ರಾಣಿಜನ್ಯ ಎಣ್ಣೆಯ ಕಲ್ಮಶ ಸೇರಿದ್ದ ಪೊಟ್ಯಾಶ್ ಬಳಸಿದ್ದರಿಂದ, ಕಬ್ಬಿಣದ ಲವಣದ ಜೊತೆ ಸೇರಿ ಕೆಂಪಿನ ಬದಲು ಕಡುನೀಲಿ ಬಂತು. ಅದೇ ಪ್ರಷ್ಯನ್ ಬ್ಲೂ. ನೂರು ವರ್ಷ ಹೂವು ಹುಡುಕಿದವರಿಗೆ ಸಿಗದ್ದು ಕೆಂಪು ಹುಡುಕಿದವನಿಗೆ ತಪ್ಪಿನಿಂದ ಸಿಕ್ಕಿತು. 1820ರ ದಶಕದ ಕೊನೆಯ ಹೊತ್ತಿಗೆ ಅದು ಅಗ್ಗವಾಗಿ ಜಪಾನಿಗೂ ಬಂತು. ಬರ್ಲಿನ್ ನೀಲಿ ಎಂಬರ್ಥದಲ್ಲಿ ಅವರು ಅದನ್ನು 'ಬೆರೊ-ಆಯ್' ಅಂದರು. 1830ರ ಸುಮಾರಿಗೆ ಹೊಕುಸಾಯ್ ಫೂಜಿ ಪರ್ವತದ ಚಿತ್ರಮಾಲೆ ತಂದ. ದೊಡ್ಡ ಅಲೆಯ ಆ ಚಿತ್ರವನ್ನು ಕಾಫಿ ಮಗ್ಗಿನ ಮೇಲಾದರೂ ನೀವು ನೋಡಿಯೇ ಇರುತ್ತೀರಿ. ಆ ಅಲೆಯ ನೀಲಿ ಇದೇ. ಅದು ಇವತ್ತಿಗೂ ನೀಲಿಯಾಗೇ ಇರುವುದು ಹೂವಿನದಲ್ಲದ ಕಾರಣಕ್ಕೆ.

ಅತ್ತ ಫ್ರಾನ್ಸಿನಲ್ಲಿ 1824ರಲ್ಲಿ ಉದ್ಯಮ ಪ್ರೋತ್ಸಾಹಕ ಸಂಘವೊಂದು 6,000 ಫ್ರಾಂಕ್ ಬಹುಮಾನ ಸಾರಿತು: ಕಿಲೋಗೆ 300 ಫ್ರಾಂಕ್ ಮೀರದಂತೆ ಕೃತಕ ಅಲ್ಟ್ರಾಮರೀನ್ ಮಾಡಿಕೊಡಿ. 1828ರಲ್ಲಿ ಗಿಮೆ ಎಂಬ ರಸಾಯನಜ್ಞ ಗೆದ್ದ. ಜೇಡಿಮಣ್ಣು, ಸೋಡಾ, ಗಂಧಕ, ಇದ್ದಿಲು ಇಂಥ ಸಾದಾ ಸಾಮಾನುಗಳಿಂದ, ಬದಖ್‌ಶಾನಿನ ಕಲ್ಲಿನಲ್ಲಿದ್ದ ಅದೇ ನೀಲಿ! ನಮ್ಮ ಮನೆಗಳಲ್ಲಿ ಬಿಳಿ ಪಂಚೆ, ಯೂನಿಫಾರ್ಮ್ ತೊಳೆದು ಕೊನೆಗೆ ಬಕೆಟ್ಟಿನಲ್ಲಿ ಕದಡುತ್ತಿದ್ದ ನೀಲಿ ಪುಡಿ ನೆನಪಿದೆಯೇ? ಅದು ಇದೇ ಅಲ್ಟ್ರಾಮರೀನ್. ಫ್ಲಾರೆನ್ಸಿನ ಕರಾರು ಪತ್ರದಲ್ಲಿ ಔನ್ಸ್ ಲೆಕ್ಕದಲ್ಲಿ ನಮೂದಾದ ನೀಲಿಯನ್ನು ನಮ್ಮ ಆಯಂದಿರು ಬಚ್ಚಲಲ್ಲಿ ಚೆಲ್ಲುತ್ತಿದ್ದರು.

ಇಷ್ಟಾದರೂ ಹೂವಿನ ಪ್ರಶ್ನೆ ಹಾಗೇ ಉಳಿಯಿತು. ಗಿಡದ ಮೇಲೆ ಇರುವಾಗ ಅಷ್ಟು ಗಟ್ಟಿಯಾದ ನೀಲಿ ಹಿಂಡಿದ ಮೇಲೆ ಎಲ್ಲಿಗೆ ಹೋಗುತ್ತದೆ?

1835ರಲ್ಲಿ ಜರ್ಮನಿಯ ಮಾರ್ಕ್ವಾರ್ಟ್ ಹೂವಿನ ಆ ಬಣ್ಣಕ್ಕೆ ಆಂಥೋಸಯಾನಿನ್ ಎಂಬ ಹೆಸರಿಗೆ ಮೂಲವಾದ ಪದ ಕೊಟ್ಟ. ಗ್ರೀಕಿನಲ್ಲಿ ಹೂವು ಮತ್ತು ನೀಲಿ. 1913ರಲ್ಲಿ ರಿಚರ್ಡ್ ವಿಲ್‌ಸ್ಟೇಟರ್ ತನ್ನ ಸಹೋದ್ಯೋಗಿಯ ಜೊತೆ ಕಾರ್ನ್‌ಫ್ಲವರಿನ ಬಣ್ಣವನ್ನು ಬೇರ್ಪಡಿಸಿದ. ಮುಂದೆ ಕೆಂಪು ಗುಲಾಬಿಯನ್ನು ಪರೀಕ್ಷಿಸಿದರೆ ಅದರಲ್ಲೂ ಅದೇ ವಸ್ತು, ಸಯಾನಿಡಿನ್! ಒಂದೇ ವಸ್ತು ಗುಲಾಬಿಯಲ್ಲಿ ಕೆಂಪು, ಕಾರ್ನ್‌ಫ್ಲವರಿನಲ್ಲಿ ನೀಲಿ. ಗಿಡದ ಬಣ್ಣಗಳ ಮೇಲಿನ ಕೆಲಸಕ್ಕೆ ಅವನಿಗೆ 1915ರ ನೊಬೆಲ್ ಬಂತು. ಅವನ ವಿವರಣೆ ಬಾಯ್ಲ್ ಕಂಡದ್ದರ ಮುಂದುವರಿಕೆ: ಗುಲಾಬಿಯ ರಸ ಆಮ್ಲ, ಇದರದ್ದು ಕ್ಷಾರ ಇರಬೇಕು. ಆದರೆ ಎಸಳಿನ ಜೀವಕೋಶದ ರಸ ಸಾಮಾನ್ಯವಾಗಿ ಕ್ಷಾರ ಆಗಿರುವುದಿಲ್ಲ. ಹಾಗಂತ ಅವನು ಪೂರ್ತಿ ತಪ್ಪೂ ಅಲ್ಲ. ಮಾರ್ನಿಂಗ್ ಗ್ಲೋರಿ ಹೂವು ಅರಳುವಾಗ ಮೊಗ್ಗಿನ ನೇರಳೆಗೆಂಪು ಹೋಗಿ ನೀಲಿಯಾಗುವುದು ಕೋಶದ ರಸ ಕ್ಷಾರದ ಕಡೆ ವಾಲುವುದರಿಂದಲೇ ಎಂದು 1995ರಲ್ಲಿ ಜಪಾನಿನವರು ಅಳೆದು ತೋರಿಸಿದರು. ಕಾರ್ನ್‌ಫ್ಲವರಿನ ಗುಟ್ಟು ಮಾತ್ರ ಬೇರೆ ಇತ್ತು.

1919ರಲ್ಲಿ ಜಪಾನಿನ ಶಿಬಾತಾ ಸಹೋದರರು, ನೀಲಿಗೆ ಕಾರಣ ಲೋಹ, ಬಣ್ಣದ ಅಣು ಲೋಹದ ಜೊತೆ ಕಟ್ಟಿಕೊಂಡಾಗ ನೀಲಿ ಬರುತ್ತದೆ ಎಂದರು. ವಿಲ್‌ಸ್ಟೇಟರನ ಹೆಸರಿನ ಮುಂದೆ ಆ ಮಾತಿಗೆ ಬಹಳ ಕಾಲ ಬೆಲೆ ಸಿಗಲಿಲ್ಲ. 1992ರಲ್ಲಿ ಅವರದೇ ದೇಶದ ಆಓಬಾನಾ ಜಾತಿಯ ಹೂವಿನ ನೀಲಿಯ ಪೂರ್ತಿ ರಚನೆ ಪ್ರಕಟವಾಯಿತು. 2005ರಲ್ಲಿ ಕಾರ್ನ್‌ಫ್ಲವರಿನದ್ದೂ ಬಂತು. ನೋಡಿದರೆ ಅದು ಒಂದು ವಸ್ತುವೇ ಅಲ್ಲ, ಒಂದು ಕೂಟ. ಆರು ಬಣ್ಣದ ಅಣುಗಳು, ಅವುಗಳ ಪಕ್ಕ ಆಸರೆಗೆ ನಿಲ್ಲುವ ಬಣ್ಣವೇ ಇಲ್ಲದಂಥ ಆರು ಫ್ಲೇವೋನ್ ಅಣುಗಳು, ನಡುವೆ ಒಂದು ಕಬ್ಬಿಣ, ಒಂದು ಮೆಗ್ನೀಶಿಯಂ, ಎರಡು ಕ್ಯಾಲ್ಸಿಯಂ. ಒಟ್ಟು ಹದಿನಾರು. ನನ್ನ ಭಾಷೆಯಲ್ಲಿ ಹೇಳುವುದಾದರೆ ಇದು ಜಂಟಿ ಖಾತೆ. ಹದಿನಾರು ಸಹಿ ಬಿದ್ದರೇ ನೀಲಿ ಎಂಬ ಚೆಕ್ಕು ಪಾಸಾಗುತ್ತದೆ. ಸಯಾನಿಡಿನ್ ಒಂದೇ ಬಂದು ಸಹಿ ಹಾಕಿದರೆ ಗುಲಾಬಿಯ ಕೆಂಪು ಅಷ್ಟೇ.

ನನಗೆ ಇಲ್ಲಿ ದೀಪ ಹತ್ತಿದ ಹಾಗಾಯಿತು. ಇಷ್ಟು ಜನ ಇಷ್ಟು ವರ್ಷ ಹೂವಿನ ಒಳಗೆ ನೀಲಿ ಎಂಬ ಒಂದು ಸಾಮಾನು ಇದೆ, ಕಲ್ಲಿನಿಂದ ತೆಗೆದ ಹಾಗೆ ಅದನ್ನು ಹೊರಗೆ ತೆಗೆದರಾಯಿತು ಅಂತ ನಂಬಿದ್ದರು. ಕಲ್ಲಿನ ನೀಲಿ ಸಾಮಾನು ಹೌದು. ಹೂವಿನ ನೀಲಿ ನೆರೆಹೊರೆ. ಒರಳಿಗೆ ಹಾಕಿ ಜಜ್ಜಿದರೆ ನೆರೆಹೊರೆ ಚದುರುತ್ತದೆ. ಹುಳಿ ಬೇರೆ, ನೀರು ಬೇರೆ, ಗಾಳಿ ಬೇರೆ ಬಂದು ಸೇರುತ್ತವೆ. ಊರು ಬಿಟ್ಟು ಬಂದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಶಂಖಪುಷ್ಪ ಇದ್ದುದರಲ್ಲಿ ಜಾಣ ಹೂವು. ಅದರ ಬಣ್ಣದ ಅಣುಗಳಿಗೆ ಟರ್ನಾಟಿನ್ ಅಂತ ಹೆಸರು. ಗಿಡದ ಲ್ಯಾಟಿನ್ ಹೆಸರು ಟರ್ನಾಟಿಯಾ, ಅದರಿಂದ ಬಂದದ್ದು. ಈ ಅಣುಗಳಿಗೆ ಉದ್ದುದ್ದ ಕೈಗಳಿವೆ. ಆ ಕೈಗಳನ್ನು ಮಡಚಿ ತನ್ನ ಎದೆಯನ್ನು ತಾನೇ ಮುಚ್ಚಿಕೊಳ್ಳುತ್ತದೆ, ನೀರು ಸುಲಭಕ್ಕೆ ಒಳಗೆ ನುಗ್ಗದ ಹಾಗೆ. ನೆರೆಯವರನ್ನು ನೆಚ್ಚದೆ ತನ್ನ ಕೊಡೆ ತಾನೇ ಹಿಡಿದ ಹಾಗೆ. ಅದಕ್ಕೇ ಚಹಾ ಮಾಡಿದರೂ ನೀಲಿ ತಡೆಯುತ್ತದೆ. 2017ರಲ್ಲಿ ಜಪಾನಿನ ವಿಜ್ಞಾನಿಗಳು ಸೇವಂತಿಗೆಯನ್ನು ನೀಲಿ ಮಾಡಿದಾಗ ಸೇರಿಸಿದ್ದು ಎರಡು ಗಿಡಗಳ ಜೀನು. ಒಂದು ಕ್ಯಾಂಪಾನುಲಾ ಎಂಬ ಗಂಟೆ ಹೂವಿನದು, ಇನ್ನೊಂದು ನಮ್ಮ ಶಂಖಪುಷ್ಪದ್ದು. 2021ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಶಂಖಪುಷ್ಪದ ಸಾರವನ್ನು ತಿನಿಸಿನ ಬಣ್ಣವಾಗಿ ಒಪ್ಪಿತು. 2025ರಲ್ಲಿ ಇನ್ನಷ್ಟು ತಿನಿಸುಗಳಿಗೆ ವಿಸ್ತರಿಸಿತು. ತಿನ್ನುವ ವಸ್ತುವಿನಲ್ಲಿ ಬಣ್ಣ ಕೆಲವು ತಿಂಗಳು ಉಳಿದರೆ ಸಾಕಲ್ಲ, ಗೋಡೆಯ ಮೇಲೆ ನೂರು ವರ್ಷ ಇರಬೇಕಾಗಿಲ್ಲ. ಬಿಸಿಲಿನ ಎದುರು ಕಲ್ಲಿನ ನೀಲಿಗೆ ಹೂವಿನ ನೀಲಿ ಇಂದಿಗೂ ಸಮನಲ್ಲ.

ಕುಸಾತ್ಸುವಿನ ಕಥೆಯಲ್ಲಿ ಅರ್ಧ ಉಳಿಸಿಕೊಂಡಿದ್ದೆ. ಎಂಟನೇ ಶತಮಾನದ ಜಪಾನಿ ಕವನ ಸಂಗ್ರಹ ಮನ್‌ಯೋಶೂನಲ್ಲೇ ಈ ಹೂವಿನ ಬಣ್ಣ, ನಿಲ್ಲದ ಮನಸ್ಸಿಗೆ ಹೋಲಿಕೆಯಾಗಿ ಬರುತ್ತದೆ. ಅಂದರೆ ಇದು ಮಾಸುತ್ತದೆ ಅಂತ ಸಾವಿರ ವರ್ಷಗಳ ಹಿಂದೆಯೇ ಅವರಿಗೆ ಗೊತ್ತಿತ್ತು. ಆದರೂ ಆ ಕಾಗದವನ್ನು ಯಾಕೆ ಮಾಡುತ್ತಾ ಬಂದರು? ಕ್ಯೋತೋದ ಯೂಜೆನ್ ರೇಷ್ಮೆ ಕೆಲಸದವರಿಗಾಗಿ. ಕಿಮೋನೋ ಬಟ್ಟೆಗೆ ಬಣ್ಣ ತುಂಬುವ ಮೊದಲು ಚಿತ್ರದ ಗೆರೆ ಹಾಕಿಕೊಳ್ಳಬೇಕು. ಆ ಗೆರೆ ಸ್ಪಷ್ಟ ಕಾಣಬೇಕು, ಕೆಲಸ ಮುಗಿದ ಮೇಲೆ ನೀರಿಗೆ ಹಾಕಿದರೆ ಗುರುತೂ ಇಲ್ಲದೆ ಹೋಗಬೇಕು. ಅದಕ್ಕೆ ಈ ಹೂವಿನಂಥ ನೀಲಿ ಇನ್ನೊಂದಿಲ್ಲ! ಪ್ರಷ್ಯನ್ ಬ್ಲೂ ಬಂದ ಮೇಲೂ ಆ ಕೆಲಸಕ್ಕೆ ಹೂವೇ ಬೇಕಾಯಿತು. ಇಪ್ಪತ್ತನೇ ಶತಮಾನದಲ್ಲಿ ಕೃತಕ ಬದಲಿ ಬಂದು ಕಾಗದ ಮಾಡುವವರು ಬೆರಳೆಣಿಕೆಗೆ ಇಳಿದರು. ಆದರೂ ಆಓಬಾನಾ ಕುಸಾತ್ಸು ನಗರದ ಅಧಿಕೃತ ಹೂವು. ಯಾವ ಗುಣವನ್ನು ಎಲ್ಲರೂ ದೋಷ ಎಂದರೋ ಅದರಲ್ಲೇ ಬದುಕು ಕಂಡುಕೊಂಡ ಊರು.

ಇನ್ನು ಅಪ್ಪನ ವಿಷಯ. 2011ರಲ್ಲಿ ಅಪ್ಪ ತೀರಿಕೊಂಡ ಮೇಲೆ ಅವರ ಕಬ್ಬಿಣದ ಟ್ರಂಕು ತೆರೆದೆವು. ಪಾಸ್‌ಬುಕ್ಕುಗಳ ಕೆಳಗೆ ದಾರ ಕಟ್ಟಿದ ಪತ್ರಗಳ ಕಟ್ಟು. ಅದರಲ್ಲಿ ನನ್ನ ಆ ಇನ್‌ಲ್ಯಾಂಡ್ ಕೂಡ ಇತ್ತು. ನೀಲಿ ಮೋಡವೂ ಈಗ ಇಲ್ಲ, ಚಹಾ ಕಲೆಯಂಥ ಮಂಕು ಗುರುತು ಮಾತ್ರ. ಮೇಲೆ ಅಪ್ಪ ಬ್ಲೂ-ಬ್ಲ್ಯಾಕ್ ಶಾಯಿಯಲ್ಲಿ ಬರೆದಿದ್ದರು: "ತಮನ ಕಾಗದ, ಹೂವಿನ ಶಾಯಿ". ಆ ಅಕ್ಷರ ಕಪ್ಪಗೆ ಗಟ್ಟಿಯಾಗಿದ್ದವು. ನಾನು ಬ್ಯಾಂಕಿಗೆ ಸೇರಿದಾಗಿನ್ನೂ ಲೆಡ್ಜರಿನ ಕಾಲ. ಹಳೆಯ ಬ್ಲೂ-ಬ್ಲ್ಯಾಕ್ ಶಾಯಿಗಳಲ್ಲಿ ಕಬ್ಬಿಣ ಇರುತ್ತಿತ್ತು. ಬರೆಯುವಾಗ ಕಾಣುವ ನೀಲಿ, ಕಣ್ಣಿಗೆ ಕಾಣಲಿ ಅಂತ ಹಾಕಿದ ತಾತ್ಕಾಲಿಕ ಬಣ್ಣ. ನಿಧಾನಕ್ಕೆ ಗಾಳಿ ತಾಗಿ ಕಬ್ಬಿಣ ಕಪ್ಪಾಗಿ ಕಾಗದದಲ್ಲಿ ಕೂರುತ್ತದೆ. ನೀಲಿ ಹೋದರೂ ಅಕ್ಷರ ಉಳಿಯುತ್ತದೆ.

ಅಪ್ಪನ ಉತ್ತರದ ಕೊನೆಯ ಸಾಲು ಹೇಳುತ್ತೇನೆ ಅಂದಿದ್ದೆನಲ್ಲ. "ಏನು ಬರೆದೆ ಗೊತ್ತಾಗಲಿಲ್ಲ. ಚೌತಿಗೆ ಬರುತ್ತೇನೆ."

ನಾನು ಆ ಪತ್ರದಲ್ಲಿ ಏನೇನು ಬರೆದಿದ್ದೆನೋ ಇವತ್ತು ನೆನಪಿಲ್ಲ. ಆದರೆ ಕೇಳಿದ್ದು ಅದೇ ಇರಬೇಕು. ಆ ವರ್ಷ ಚೌತಿಗೆ ಅಪ್ಪ ಬಂದರು. ಜೇಬಿನಲ್ಲಿ ನನಗೊಂದು ಶಾಯಿ ಬಾಟಲಿ ಇತ್ತು.